ಅಕ್ಕನ ಗಿರಣಿ ನೀರಿನಲ್ಲಿ ಉಳಿದಿತ್ತು

ಅಕ್ಕನ ಗಿರಣಿಯನ್ನು ಕೆಡಿಸಿದ್ದು ನೀರಲ್ಲ, ನಾನು. ಈ ಮಾತನ್ನು ಅವಳಿಗೆ ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆಮೇಲೆ ಹೇಳದೆ ಇರುವುದೇ ರೂಢಿಯಾಯಿತು.

ಈ ಮಳೆಗಾಲದಲ್ಲಿ ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ನೀರು ನುಗ್ಗಿತು. ನಮ್ಮದು ಎಂದರೆ ನಾನು ಅಲ್ಲಿ ಪಂಪು, ಜನರೇಟರು ನೋಡಿಕೊಳ್ಳುವವನು. ಗೇಟಿನ ಪಕ್ಕ ಎರಡು ಕೋಣೆ ಕೊಟ್ಟಿದ್ದಾರೆ. ಹೆಂಡತಿ ಸುವರ್ಣಾ, ಮಗಳು ಪಲ್ಲವಿ, ನನ್ನ ಅಕ್ಕ ಮಹಾದೇವಿ, ನಾನು ಅಲ್ಲಿರುತ್ತೇವೆ. ನೀರೆಲ್ಲ ಹೊರಗೆ ಹಾಕಿಸಿ ಪಂಪ್‌ರೂಮಿನ ಬಾಗಿಲು ತೆಗೆದಾಗ ಒಂದು ವಾಸನೆ ಬಂತು. ಕೆಸರು, ಗ್ರೀಸು, ತೊಯ್ದ ಕಬ್ಬಿಣ ಎಲ್ಲ ಸೇರಿದ ವಾಸನೆ. ನೀರು ಕುಡಿದ ಮಷಿನ್ನಿನ ವಾಸನೆ ಅದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಲ್ಲಿ ಹಿಟ್ಟಿನ ಹುಳಿ ವಾಸನೆಯೊಂದು ಇರಲಿಲ್ಲ. ಅದೂ ಇದ್ದಿದ್ದರೆ ಅದು ನಾವು ಹಿಂದೆ ಇದ್ದ ನಾಚಾರಂ ಬಡಾವಣೆಯ ಅಕ್ಕನ ಕೋಣೆಯೇ ಆಗುತ್ತಿತ್ತು.

ನಮ್ಮದು ತಾಳಿಕೋಟಿ ಕಡೆಯ ಹಳ್ಳಿ. ಅಪ್ಪ ಊರಿನ ಹಿಟ್ಟಿನ ಗಿರಣಿಯಲ್ಲಿ ಆಳಾಗಿದ್ದ. ಎಣ್ಣೆ ಎಂಜಿನ್ನಿನ ಗಿರಣಿ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅಕ್ಕ ಅದಕ್ಕೂ ಮೊದಲೇ ಬಿಟ್ಟು ಅಪ್ಪನ ಬುತ್ತಿ ಒಯ್ಯುವ ನೆಪದಲ್ಲಿ ದಿನವೆಲ್ಲ ಗಿರಣಿಯಲ್ಲೇ ಕೂರುತ್ತಿದ್ದಳು. ಸಂಜೆ ಬರುವಾಗ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿತ್ತು. ಅವ್ವ, "ಬಂದಳು ನೋಡು ಮುದುಕಿ" ಎನ್ನುತ್ತಿದ್ದಳು. ಆಯುಧಪೂಜೆಯ ಖಂಡೇನವಮಿಯ ದಿನ ಗಿರಣಿ ಮಾಲೀಕರು ಎಂಜಿನ್ನಿಗೆ ಪೂಜೆ ಮಾಡಿ, ಕಾಯಿ ಒಡೆದು, ಒಂದು ಹಿಡಿ ಜೋಳ ಹಾಕಿ ಚಾಲೂ ಮಾಡುತ್ತಿದ್ದರು. ಆ ಟುಕುಟುಕು ಸದ್ದು ಊರಿಗೆಲ್ಲ ಕೇಳುತ್ತಿತ್ತು. ಪೂಜೆಯಾದ ಮಷಿನ್ನು ಆ ದಿನ ಒಂದು ಸುತ್ತಾದರೂ ತಿರುಗಬೇಕು, ತಿರುಗದಿದ್ದರೆ ವರ್ಷವೆಲ್ಲ ಕೂತೇ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನಾವು ಅದನ್ನು ನಂಬಿ ಬೆಳೆದವರು.

ಅಕ್ಕನ ಸಂಸಾರ ನಿಲ್ಲಲಿಲ್ಲ. ತವರಿಗೆ ಬಂದಳು. ಅಪ್ಪ, ಅವ್ವ ಹೋದ ಮೇಲೆ ನಾನಿದ್ದ ಹೈದರಾಬಾದಿಗೇ ಬಂದಳು. ಬಂದ ದಿನವೇ ಹೇಳಿದ್ದಳು: "ತಮ್ಮನ ಮನಿ ಬಾಜೂಕ ಇರ್ತೀನಿ. ತಮ್ಮನ ಮನ್ಯಾಗ ಇರಂಗಿಲ್ಲ." ನಾಚಾರಮ್ಮಿನ ಕಾರ್ಖಾನೆಗಳ ಹಿಂಬದಿ, ಕೆರೆಯ ಕೆಳಗಿನ ಬಸ್ತಿಯಲ್ಲಿ, ಅಂದರೆ ಕೂಲಿಕಾರರ ಕೇರಿಯಲ್ಲಿ, ನಾವಿದ್ದ ಮನೆಯ ಪಕ್ಕದ ಕೋಣೆಯನ್ನೇ ಹಿಡಿದಳು. ಕೈಯಲ್ಲಿದ್ದ ಬಳೆ ಮಾರಿ ಒಂದು ಮನೆಗಿರಣಿ ತಂದಳು. ಸಣ್ಣ ಫ್ರಿಜ್ಜಿನಂಥ ಪೆಟ್ಟಿಗೆ ಅದು. ಮೇಲೆ ಕಾಳು ಸುರಿದರೆ ಕೆಳಗಿನ ಸ್ಟೀಲ್ ಡಬ್ಬಿಗೆ ಹಿಟ್ಟು ಬೀಳುತ್ತಿತ್ತು. ಹೈದರಾಬಾದಿನಲ್ಲಿ ನಮ್ಮ ಕಡೆಯ ಜನ ಎಷ್ಟಿದ್ದಾರೆಂದು ನನಗೆ ಗೊತ್ತಾಗಿದ್ದೇ ಆ ಗಿರಣಿ ಬಂದ ಮೇಲೆ. ವಿಜಯಪುರದವರು, ಬಾಗಲಕೋಟೆಯವರು, ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವವರು, ಎಲ್ಲರೂ ಜೋಳದ ಚೀಲ ಹೊತ್ತು ಬರುತ್ತಿದ್ದರು. ಅಕ್ಕ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇನ್ನೊಂದ್ ಎಳಿ ಸಣ್ಣ ಆಗ್ಬೇಕು, ಕೂಡ್ರಿ" ಎನ್ನುತ್ತಿದ್ದಳು. ಅವರು ಕೂರುತ್ತಿದ್ದರು.

ನಾನು ಹೇಳುತ್ತಿರುವುದು ಲಾಕ್‌ಡೌನಿನ ವರ್ಷದ ಮಾತು. ನನ್ನ ಕಾರ್ಖಾನೆ ಮುಚ್ಚಿತ್ತು. ತೆರೆದ ಮೇಲೂ ನನ್ನನ್ನು ಕರೆಯಲಿಲ್ಲ. ಆ ಬೇಸಿಗೆ, ಆ ಮಳೆಗಾಲ ನನ್ನ ಮನೆಯ ಒಲೆ ಉರಿದದ್ದು ಅಕ್ಕನ ಗಿರಣಿಯಿಂದ. ಅಕ್ಕ ಅದನ್ನು ಒಂದು ಸಲವೂ ಬಾಯಿಬಿಟ್ಟು ಆಡಲಿಲ್ಲ. ಹಿಟ್ಟಿನ ಡಬ್ಬಿ ನಮ್ಮ ಕಟ್ಟೆಯ ಮೇಲಿಟ್ಟು, "ಭಾಳ ಬೀಸೀನಿ, ಕೆಡ್ತೈತಿ, ತಗೋ ಸುವರ್ಣಾ" ಎಂದು ಹೋಗಿಬಿಡುತ್ತಿದ್ದಳು. ಪಕ್ಕದ ಕೋಣೆಯಿಂದ ಗಿರಣಿಯ ಸದ್ದು ಬರುತ್ತಿದ್ದರೆ ಆ ದಿನ ಊಟ ಉಂಟು ಎಂದು ನನಗೆ ಧೈರ್ಯ. ಅದರ ಜೊತೆಗೇ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು. ಗಂಡಸು ಕೂತಿದ್ದಾನೆ, ಅಕ್ಕ ದುಡಿಯುತ್ತಿದ್ದಾಳೆ ಎಂದು.

ದಸರೆ ಹತ್ತಿರ ಬಂದಿತ್ತು. ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಮಹಡಿಯ ಓನರಮ್ಮ ಮೆಟ್ಟಿಲ ಮೇಲಿಂದ ಬಗ್ಗಿ, "ಮಹಾದೇವಮ್ಮಾ, ಚೆರುವು ನಿಂಡಿಂದಂಟ, ಸಾಮಾನ್ಲು ಪೈನ ಪೆಟ್ಟುಕೋಂಡಿ" ಎಂದು ಕೂಗಿದಳು. ಕೆರೆ ತುಂಬಿದೆಯಂತೆ, ಸಾಮಾನು ಮೇಲಿಡಿ ಅಂತ.

ಅಕ್ಕ ನನ್ನನ್ನು ಕರೆದಳು. "ಶರಣಾ, ಗಿರಣಿ ಮಂಚದ ಮ್ಯಾಲ ಇಡೂಣು ಬಾ. ಒಂದ್ ಕಡೆ ಹಿಡಿ."

"ನೀರು ಹೊಸ್ತಲಾ ದಾಟಂಗಿಲ್ಲ ತಗೋ ಅಕ್ಕಾ. ಪ್ರತಿ ವರ್ಷ ಹಿಂಗ ಒದರ್ತಾಳ ಆಕಿ."

ಅಷ್ಟರಲ್ಲಿ ಮೋರಿಯಿಂದ ನೀರು ಮೇಲಕ್ಕೆ ಬುಗ್ಗೆಯಂತೆ ಏಳಲು ಶುರುವಾಯಿತು. ನೋಡನೋಡುತ್ತ ಹಿಮ್ಮಡಿ ಮುಳುಗಿತು. ನಾನು ಗಿರಣಿಗೆ ಕೈಹಾಕಲು ಹೋದೆ. ಅಕ್ಕ ನನ್ನನ್ನು ತಡೆದು ಗೋಡೆಗೆ ಒರಗಿಸಿಟ್ಟ ಜೋಳದ ಚೀಲಗಳ ಕಡೆ ನೂಕಿದಳು. "ಅವು ಮೊದಲ. ಮಂದಿ ಜ್ವಾಳ ಅವು, ನಂಬಿ ಬಿಟ್ಟು ಹೋಗ್ಯಾರ." ಚೀಲಗಳು ಮಂಚ ತುಂಬಿದವು. ಗಿರಣಿಗೆ ಜಾಗ ಉಳಿಯಲಿಲ್ಲ. ನಾವು ಪಲ್ಲವಿಯನ್ನು ಎತ್ತಿಕೊಂಡು ಓನರಮ್ಮನ ಮನೆಗೆ ಮಹಡಿ ಹತ್ತಿದೆವು. ನೀರು ಮಂಚದ ಪಟ್ಟಿಯವರೆಗೆ ಬಂದು ನಿಂತಿತು. ಮಂದಿಯ ಜೋಳ ಒಂದು ಕಾಳೂ ತೊಯ್ಯಲಿಲ್ಲ. ಗಿರಣಿ ಸೊಂಟದವರೆಗೆ ಮುಳುಗಿತು. ಅದರ ಮೋಟಾರು ಇರುವುದು ಕೆಳಗೇ.

ನೀರು ಇಳಿದ ಮೇಲೆ ಬಸ್ತಿಯ ಹೊಟ್ಟೆಯಲ್ಲಿದ್ದದ್ದೆಲ್ಲ ಬೀದಿಗೆ ಬಂತು. ಮನೆಮನೆಯ ಮುಂದೆ ಫ್ರಿಜ್ಜು, ಟಿವಿ, ಮಿಕ್ಸಿ, ಕೂಲರು, ವಾಷಿಂಗ್ ಮಷಿನ್ನು ಬಾಗಿಲು ತೆಗೆದುಕೊಂಡು ಬಿಸಿಲಿಗೆ ನಿಂತವು. ಕೆಲವರು ರಿಮೋಟುಗಳನ್ನು ಹಪ್ಪಳದ ಹಾಗೆ ಸೀರೆಯ ಮೇಲೆ ಹರವಿದ್ದರು. ಯಾರೋ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಆಮೇಲೆ ಆ ಅಕ್ಕಿಯನ್ನು ಅನ್ನ ಮಾಡಬಹುದೋ ಇಲ್ಲವೋ ಎಂದು ಓಣಿಯವರನ್ನೆಲ್ಲ ಕೇಳುತ್ತಿದ್ದರು. ಟಿವಿ ಒಳಗಿಂದ ಒಂದು ಕಪ್ಪೆ ಮರಿ ಹಾರಿದಾಗ ಪಲ್ಲವಿ ನಕ್ಕಳು. ಆ ವಾರದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ಅಕ್ಕನ ಗಿರಣಿಯನ್ನು ಓರೆ ಮಾಡಿದಾಗ ಒಳಗಿಂದ ನೀರಿನ ಜೊತೆ ಗಂಜಿ ಬಂತು. ಹಳೆಯ ಹಿಟ್ಟು ನೆನೆದು, ಹುಳಿತು, ಕಲ್ಲಿನ ಸಂದಿಯಲ್ಲೆಲ್ಲ ಹಿಡಿದುಕೊಂಡಿತ್ತು. ಅಕ್ಕ ಹಲ್ಲುಜ್ಜುವ ಬ್ರಷ್ಷು, ಹಳೆ ಸೀರೆಯ ಚೂರು ಹಿಡಿದು ಕೂತಳು. ಊಟಕ್ಕೂ ಏಳಲಿಲ್ಲ.

ರಿಪೇರಿ ಮಾಡುವ ಮಹಮೂದ್ ಭಾಯ್ ಓಣಿಯಲ್ಲಿ ಬಂದ. ಅವನನ್ನು ಪ್ರತಿ ಬಾಗಿಲಲ್ಲೂ ಎಳೆಯುತ್ತಿದ್ದರು. ಗಿರಣಿಯ ಹತ್ತಿರ ಬಗ್ಗಿ ನೋಡಿ ಅಕ್ಕನಿಗೆ ಹೇಳಿದ: "ಆಪಾ, ಇಸ್ಕು ಅಬ್ಬಿ ಕರೆಂಟ್ ನಕ್ಕೊ ದೇವ್. ಊಪರ್ ಸೂಖಾ ದಿಖ್ತಾ, ಅಂದರ್ ಪಾನಿ ರಹತಾ. ದೀವಾಲಿ ಕೆ ಬಾದ್ ಮೈ ಆಕೋ ದೇಖ್ತೌಂ." ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ, ದೀಪಾವಳಿ ಆದ ಮೇಲೆ ನಾನೇ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಕರೆಂಟು ಕೊಡಬೇಡಿ ಎಂದು. ನನಗೂ ಬೆರಳು ತೋರಿಸಿ, "ಸುನೇ ನಾ ಮಿಯಾಂ?" ಎಂದ. ಕೇಳಿದೆ ಎಂದೆ.

ಅಕ್ಕ ಗಿರಣಿಯನ್ನು ಬಾಣಂತಿಯ ಹಾಗೆ ನೋಡಿಕೊಂಡಳು. ಬೆಳಗಿನ ಬಿಸಿಲು ಕಟ್ಟೆಯ ಮೇಲೆ ಬರುತ್ತಿತ್ತು, ಅಲ್ಲಿಗೆ ತಳ್ಳುವುದು. ಮಧ್ಯಾಹ್ನ ಬೀದಿಯ ಆ ಬದಿಗೆ ಬಿಸಿಲು ಹೋಗುತ್ತಿತ್ತು, ಅಲ್ಲಿಗೆ ತಳ್ಳುವುದು. ಸಂಜೆ ಒಳಗೆ ತಂದು ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು. ಹಿಂದಿನ ಮುಚ್ಚಳ ತೆಗೆದು ಕೈಯಿಟ್ಟು ನೋಡಿ, "ಇನ್ನಾ ತಣ್ಣಗೈತಿ" ಎನ್ನುತ್ತಿದ್ದಳು. ಓಣಿಯ ಹೆಂಗಸೊಬ್ಬಳು, "ಮಹಾದೇವಕ್ಕಾ, ಅದಕ್ಕೊಂದು ಕುಂಚಿಗಿ ಹೊಲಿಸಿಬಿಡ್ರಿ" ಎಂದು ಚೇಷ್ಟೆ ಮಾಡಿದಳು. "ಹೊಲಸ್ತೀನಿ. ನಿನ್ನ ಗಂಡನ್ನ ಹಿಂಗ ನೋಡ್ಕೊಂಡಿದ್ರ ಅಂವಾ ನಾಕ ಮನಿ ತಿರಗ್ತಿದ್ದಿಲ್ಲ" ಎಂದಳು ಅಕ್ಕ.

ಇಷ್ಟರಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ನಮ್ಮ ಮಿಕ್ಸಿ ಒಣಗಿದಂತೆ ಕಂಡಿತು, ಯಾರಿಗೂ ಹೇಳದೆ ಪ್ಲಗ್ಗಿಗೆ ಹಾಕಿದೆ. ತಿರುಗಿತು. ಆಮೇಲೆ ಟಿವಿ ಹಾಕಿದೆ. ಮೂಲೆಯಲ್ಲೊಂದು ಕಪ್ಪು ಕಲೆ ಬಿಟ್ಟರೆ ಅದೂ ಬಂತು. ಫ್ರಿಜ್ಜು ಸ್ವಲ್ಪ ಗೊಣಗಿ ತಣ್ಣಗಾಗಲು ಶುರುಮಾಡಿತು. ಸುವರ್ಣಾ, "ಭಾರಿ ಮೆಕ್ಯಾನಿಕ್ ಆದಿರಿ ಬಿಡ್ರಿ" ಎಂದಳು. ಅವಳು ಚೇಷ್ಟೆಗೆ ಅಂದದ್ದು. ನಾನು ನಿಜ ಎಂದುಕೊಂಡೆ. ಎಷ್ಟೋ ತಿಂಗಳ ನಂತರ ನನ್ನ ಕೈಯಿಂದ ಏನೋ ಒಂದು ಸರಿಹೋಗಿತ್ತು.

ಖಂಡೇನವಮಿ ಬಂತು. ಆ ದಿನ ಬೆಳಗ್ಗೆ ಅಕ್ಕ, ಸುವರ್ಣಾ, ಪಲ್ಲವಿ ಸುಲ್ತಾನ್ ಬಜಾರಿಗೆ ಹೊರಟರು. ಹೊದಿಕೆ, ಸೀರೆ ಎಲ್ಲ ಕೆಸರಾಗಿ ಹೋಗಿದ್ದವು, ಹಬ್ಬಕ್ಕೆ ಅಷ್ಟಾದರೂ ಬೇಕಿತ್ತು. ಹೋಗುವಾಗ ಅಕ್ಕ ಗಿರಣಿಯ ಮೇಲೆ ಕೈಯಾಡಿಸಿ ನನಗೆ ಹೇಳಿದಳು: "ಕುಂಕುಮ ಹಚ್ಚು, ಹೂವ ಇಡು. ಈ ವರ್ಷ ತಿರಗೂದ್ ಬ್ಯಾಡ. ದೇವರಿಗೂ ಗೊತ್ತಾಗ್ತೈತಿ, ನೀರ್ ಕುಡದೈತಿ ಅಂತ."

"ಹೂಂ" ಎಂದೆ.

ಪೂಜೆ ಮಾಡಿದೆ. ಚೆಂಡುಹೂವಿನ ಸರ ಹಾಕಿದೆ, ಕಾಯಿ ಒಡೆದೆ. ಮೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಒಳಗೆ ಕೈಹಾಕಿದೆ, ಒಣಗಿತ್ತು. ಮಿಕ್ಸಿ ತಿರುಗಿದೆ, ಟಿವಿ ಬಂದಿದೆ, ಇದೇಕೆ ತಿರುಗಬಾರದು ಎನಿಸಿತು. ತಿರುಗದಿದ್ದರೆ ವರ್ಷವೆಲ್ಲ ಕೂತಿರುತ್ತದೆ ಎಂಬ ಅಪ್ಪನ ಮಾತೂ ತಲೆಯಲ್ಲಿ ಕೂತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನಗೊಂದು ಆಸೆಯಿತ್ತು. ಅಕ್ಕ ಓಣಿಯ ತಿರುವಿಗೆ ಬರುವಾಗ ಅವಳಿಗೆ ಗಿರಣಿಯ ಸದ್ದು ಕೇಳಬೇಕು. ಅವಳು ಓಡಿ ಬರಬೇಕು. ನಾನು ಬಾಗಿಲಲ್ಲಿ ನಿಂತು ಏನೂ ಆಗಿಲ್ಲವೆಂಬಂತೆ ನಗಬೇಕು. ಕೂತು ಉಂಡವನು ಒಂದು ದಿನ ಕೊಡುವವನಾಗಬೇಕು.

ಸ್ವಿಚ್ಚು ಒತ್ತಿದೆ.

ತಿರುಗಿತು. ಇದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅದೇ ಹಳೆಯ ಸದ್ದು, ಒಂದಿಷ್ಟೂ ವ್ಯತ್ಯಾಸವಿಲ್ಲ. ಮಂಚದ ಮೇಲಿನ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಹಾಕಿದೆ. ಕೆಳಗಿನ ಡಬ್ಬಿಯಲ್ಲಿ ಸಣ್ಣಗೆ, ಬೆಳ್ಳಗೆ ಹಿಟ್ಟು ಬಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸದ್ದು ಇಳಿಯಿತು, ಗಂಟಲು ಕಟ್ಟಿದವರ ಹಾಗೆ. ಒಳಗೇ ಗುಂಯ್‌ಗುಟ್ಟಿತು. ನಾನು ಸ್ವಿಚ್ಚಿನ ಕಡೆ ಹೊರಳುವುದರೊಳಗೆ ಹಿಂಬದಿಯಿಂದ ಹೊಗೆ ಬಂತು, ಮನೆಯ ಫ್ಯೂಸು ಹಾರಿತು. ಸುಟ್ಟ ಮೋಟಾರಿನ ಕಟುವಾದ ವಾಸನೆ ಕೋಣೆ ತುಂಬಿತು.

ಅಲ್ಲಿಯವರೆಗೆ ನಾನು ಮಾಡಿದ್ದು ತಪ್ಪು. ಅದರ ನಂತರ ಮಾಡಿದ್ದಕ್ಕೆ ಬೇರೆ ಹೆಸರಿದೆ. ಪ್ಲಗ್ಗು ಕಿತ್ತೆ. ಬಾಗಿಲು, ಕಿಟಕಿ ತೆರೆದು ಹೊಗೆ ಬೀಸಿ ಹೊರಹಾಕಿದೆ. ಡಬ್ಬಿಯ ಹಿಟ್ಟನ್ನು ಮೋರಿಗೆ ಸುರಿದು ಒರೆಸಿದೆ. ಫ್ಯೂಸು ಕಟ್ಟಿದೆ. ಹಿಂದಿನ ಮುಚ್ಚಳದ ಮೇಲಿದ್ದ ಮಸಿಯನ್ನು ನನ್ನ ಪಂಚೆಯಿಂದ ತಿಕ್ಕಿದೆ. ಒಂದು ಕಟ್ಟು ಊದಿನಕಡ್ಡಿ ಪೂರ್ತಿ ಹಚ್ಚಿದೆ.

ಅಕ್ಕ ಬಂದವಳು ಬಾಗಿಲಲ್ಲೇ ಮೂಗು ಅರಳಿಸಿದಳು. "ಇದೇನೋ ವಾಸನಿ?"

"ಊದಿನಕಡ್ಡಿ."

"ಇಷ್ಟಾ? ದೇವರು ಕೆಮ್ಮಾಕತ್ತಾನ ನೋಡು" ಎಂದು ನಕ್ಕು, ಗಿರಣಿಗೆ ಕೈಮುಗಿದು, ತಂದಿದ್ದ ಹೊಸ ಟವೆಲ್ಲನ್ನು ಅದರ ಮೇಲೆ ಹೊದಿಸಿದಳು. ಆವತ್ತು ಸಂಜೆಯೂ ಅಗ್ಗಿಷ್ಟಿಕೆ ಇಟ್ಟಳು. ಮರುದಿನ ಮತ್ತೆ ಬಿಸಿಲಿಗೆ ತಳ್ಳಿದಳು. ಸುಟ್ಟುಹೋದ ಮಷಿನ್ನನ್ನು ಅವಳು ದೀಪಾವಳಿಯವರೆಗೆ ಒಣಗಿಸಿದಳು. ನಾನು ಒಂದು ಕಡೆ ಹಿಡಿದು ತಳ್ಳಿಕೊಟ್ಟೆ.

ದೀಪಾವಳಿ ಕಳೆಯಿತು. ಮಹಮೂದ್ ಭಾಯ್ ಬೇರೆ ಬಸ್ತಿಗಳಲ್ಲಿ ಸಿಕ್ಕಿಬಿದ್ದಿದ್ದ, ಬರಲಿಲ್ಲ. ಗಿರಾಕಿಗಳು ಕೇಳುತ್ತಿದ್ದರು. ಒಂದು ಬೆಳಗ್ಗೆ ಅಕ್ಕ ತಾನೇ ಪ್ಲಗ್ಗು ಹಾಕಿದಳು. ನಾನು ಪಕ್ಕದಲ್ಲಿ ನಿಂತಿದ್ದೆ, ತಡೆಯಲಿಲ್ಲ. ಒಳಗೆ ಒಂದು ಗುಟುರು, ಫ್ಯೂಸು ಹೋಯಿತು. ಅಕ್ಕ ನನ್ನ ಮುಖ ನೋಡಿದಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ.

"ಒಳಗ ನೀರ್ ಕುಂತೈತಿ ಕಾಣ್ತೈತಿ" ಎಂದೆ.

ಅವಳು ನೆಲದ ಮೇಲೆ ಕೂತಳು. ಖಾಲಿ ಮಂಚದ ಕಡೆ ನೋಡಿದಳು. "ಜ್ವಾಳಕ್ಕ ಮಂಚಾ ಕೊಟ್ಟೆ. ಮಷಿನ್ನಿಗೆ ನೆಲಾ ಕೊಟ್ಟೆ" ಎಂದಳು. ಸ್ವಲ್ಪ ಹೊತ್ತಿನ ನಂತರ, "ಮಹಮೂದ್ ಭಾಯ್‌ಗೆ ಒಂದ್ ಸಲ ತೋರ್ಸೋ" ಎಂದಳು.

ಅವನು ಬಿಚ್ಚಿ ನೋಡಿದರೆ ಹಳೆಯ ಸುಟ್ಟಗಾಯ ಕಾಣುತ್ತದೆ. ಕರೆಂಟು ಕೊಟ್ಟವರು ಯಾರು ಎಂದು ಮೊದಲ ಮಾತೇ ಕೇಳುತ್ತಾನೆ. ನಾನು ಅವನ ಅಂಗಡಿಯ ಕಡೆ ಹೋದೆ, ಎದುರಿನ ಚಹಾ ಬಂಡಿಯಲ್ಲಿ ಚಹಾ ಕುಡಿದು ವಾಪಸ್ ಬಂದೆ. "ಉಪಯೋಗ ಇಲ್ಲಂತ ಅಕ್ಕಾ. ಬಿಚ್ಚೂದೂ ದಂಡಂತ" ಎಂದೆ. ಗುಜರಿಯವನನ್ನೂ ನಾನೇ ಕರೆತಂದೆ. ಅವನು ಗಾಡಿಗೆ ಹಾಕುವಾಗ ಅಕ್ಕ ಓಡಿ ಬಂದು ಹಿಟ್ಟಿನ ಸ್ಟೀಲ್ ಡಬ್ಬಿಯನ್ನು ಮಾತ್ರ ಎಳೆದುಕೊಂಡಳು. ಅದು ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ, ಉಳ್ಳಾಗಡ್ಡಿ ಹಾಕಿಡುತ್ತಾಳೆ.

ತಿಂಗಳೊಪ್ಪತ್ತಿನ ನಂತರ ಮಹಮೂದ್ ಭಾಯ್ ರಸ್ತೆಯಲ್ಲಿ ಸಿಕ್ಕ. "ಆಪಾಕಿ ಚಕ್ಕೀ ಕೈಸಿ ಹೈ?" ಎಂದು ಅಕ್ಕನ ಗಿರಣಿಯ ಬಗ್ಗೆ ಕೇಳಿದ. ಮಾರಿಬಿಟ್ಟೆವು ಎಂದೆ. "ಮೇರೆಕು ದಿಖಾಯೆ ಬಗೈರ್?" ಎಂದು, ನನಗೆ ತೋರಿಸದೆಯೇ ಮಾರಿದಿರಾ ಎಂದು ಬೇಸರ ಮಾಡಿಕೊಂಡ. ಮೋಟಾರು ಪೂರ್ತಿ ಸುಟ್ಟಿದ್ದರೂ ತಂತಿ ಹೊಸದಾಗಿ ಸುತ್ತಿ ಕೊಡುತ್ತಿದ್ದೆ, ಕಲ್ಲಿಗೇನಾಗುತ್ತದೆ ನೀರಿನಿಂದ, ಎಂದ. ಆವತ್ತು ನಾನು ಮನೆಗೆ ಬಹಳ ಸುತ್ತುಹಾಕಿಕೊಂಡು ಹೋದೆ.

ಅಕ್ಕ ಕೋಣೆ ಬಿಟ್ಟಳು. ತಮ್ಮನ ಮನೆಯೊಳಗೆ ಇರುವುದಿಲ್ಲ ಎಂದವಳು ನಮ್ಮ ಅಡುಗೆಮನೆಯಲ್ಲಿ ಹಾಸಿಕೊಂಡಳು. ಹಾಸ್ಟೆಲ್ಲುಗಳಿಗೆ ಅಡುಗೆಗೆ ಹೋದಳು. ಮುಂದೆ ನನಗೆ ಮಿಯಾಪುರದ ಈ ಕೆಲಸ ಸಿಕ್ಕಾಗ ನಮ್ಮ ಜೊತೆ ಬಂದಳು. ಇಲ್ಲಿಯೂ ನಮ್ಮ ಕಡೆಯವರಿದ್ದಾರೆ, ಬೆಂಗಳೂರು, ಮೈಸೂರಿನ ಹುಡುಗರಿದ್ದಾರೆ. ಜೋಳದ ಹಿಟ್ಟು ಬೀಸಿಕೊಡುತ್ತೀರಾ ಎಂದು ಯಾರು ಕೇಳಿದರೂ ಅವಳದು ಅದೇ ಮಾತು: "ಜ್ವಾಳಕ್ಕ ಮಂಚಾ ಕೊಟ್ಟು ಮಷಿನ್ನಿಗೆ ನೆಲಾ ಕೊಟ್ಟಾಕಿ ನಾನು. ನನ್ನ ಕೈಗೆ ಮಷಿನ್ ಆಗಿಬರಂಗಿಲ್ರಿ." ನಗುತ್ತಲೇ ಹೇಳುತ್ತಾಳೆ. ಕೇಳಿದವರೂ ನಗುತ್ತಾರೆ. ಪ್ರತಿ ಸಲ ನಾನು ಅಲ್ಲೇ ಇರುತ್ತೇನೆ.

ಈ ಮಳೆಗಾಲ ಶುರುವಾಗುವಾಗ ಮೂರನೆಯ ಮಹಡಿಯ ಧಾರವಾಡದ ಮೇಡಂ ಮನೆ ಖಾಲಿ ಮಾಡುವ ತಯಾರಿಯಲ್ಲಿದ್ದರು. ತಮ್ಮ ಮನೆಗಿರಣಿಯನ್ನು ತಂದು ನಮ್ಮ ಬಾಗಿಲ ಮುಂದಿನ ಕಟ್ಟೆಯ ಮೇಲೆ ಇಟ್ಟರು. "ಮಹಾದೇವಕ್ಕಾರ, ನಿಮಗ ಇರ್ಲಿ. ಮಗನ ಮನ್ಯಾಗ ಜಾಗಾ ಇಲ್ಲ." ಅಕ್ಕ ಅದರ ಮೇಲೊಂದು ಹಳೆ ಸೀರೆ ಮುಚ್ಚಿದಳು. ಮುಟ್ಟಲಿಲ್ಲ. "ಬ್ಯಾಡ್ರಿ ಬಾಯಾರ. ಅದನ್ನೂ ಮುಳುಗಸ್ತೀನಿ ನಾ." ಮೇಡಂ, "ದಸರಾಕ್ಕ ಹೊಂಟೀನಿ. ಅಲ್ಲೀತನಕ ವಿಚಾರ ಮಾಡ್ರಿ. ಬ್ಯಾಡಂದ್ರ ಗುಜರಿಗೆ ಹೋಗ್ತೈತಿ" ಎಂದರು. ಗುಜರಿ ಎಂಬ ಮಾತು ಕೇಳಿ ನಾನು ಎದ್ದು ಹೊರಗೆ ಹೋದೆ.

ಸೆಲ್ಲಾರಿಗೆ ನೀರು ನುಗ್ಗಿದ್ದು ಆಮೇಲೆ. ಪಂಪಿನ ಮೋಟಾರು ಮುಳುಗಿತ್ತು. ನಾನು ಅದನ್ನು ಒಣಗಿಸದೆ ಚಾಲೂ ಮಾಡುವುದಿಲ್ಲ ಎಂದು ಕೂತೆ. ಟ್ಯಾಂಕರಿನ ಮುಂದೆ ಬಕೆಟ್ಟು ಹಿಡಿದ ಜನರೆಲ್ಲ ನನ್ನ ಮೇಲೆ ಬಿದ್ದರು. ಮೈಸೂರಿನ ಹುಡುಗನೊಬ್ಬ, "ಶರಣಪ್ಪಣ್ಣ, ಒಂದೇ ಒಂದ್ಸಲ ಆನ್ ಮಾಡಿ ನೋಡಿ. ಹಲ್ಲುಜ್ಜಿಲ್ಲ, ಕ್ಯಾಮೆರಾ ಆಫ್ ಮಾಡ್ಕೊಂಡು ಮೀಟಿಂಗಲ್ಲಿ ಕೂತಿದೀನಿ" ಎಂದ.

ಬಿಂದಿಗೆ ತುಂಬುತ್ತಿದ್ದ ಅಕ್ಕ, "ಕ್ಯಾಮೆರಾ ಬಂದ್ ಐತಲ್ಲ, ಹಲ್ಲ ಯಾರ್ ನೋಡ್ತಾರಪಾ?" ಎಂದಳು. ಎಲ್ಲರೂ ನಕ್ಕರು. ಆಮೇಲೆ ಅವಳು ಗಂಭೀರವಾಗಿ ಹೇಳಿದಳು: "ನೀರ್ ಕುಡದ ಮಷಿನ್ ಹೆಂಗ್ ನೋಡ್ಕೋಬೇಕು ಅಂತ ನಮ್ಮ ತಮ್ಮಗ ಗೊತ್ತೈತ್ರಿ. ನನ್ನ ಗಿರಣಿ ದೀಪಾವಳಿ ತನಕ ನನ್ನ ಜೋಡಿ ಒಣಗಿಸ್ಯಾನ. ಅಂವಂದೇನ್ ತಪ್ಪಿಲ್ಲ. ಮುಳುಗಿಸಿದಾಕಿ ನಾನು."

ಜನ ಚದುರಿದರು. ಅಕ್ಕ ಸೆಲ್ಲಾರಿನ ಮೆಟ್ಟಿಲ ಮೇಲೆ ಬಿಂದಿಗೆ ಇಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ನಾನು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತು, ಮುಖ ನೋಡದೆ ಹೇಳಿದೆ. ಖಂಡೇನವಮಿಯ ದಿನ ನಾನು ಸ್ವಿಚ್ಚು ಹಾಕಿದೆ. ಸುಟ್ಟಿತು. ಊದಿನಕಡ್ಡಿ ಅದಕ್ಕೇ ಹಚ್ಚಿದ್ದು.

ಅವಳು ಬಿಂದಿಗೆಯ ಬಾಯಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದಳು: "ತಿರಗಿತೇನು?"

"ತಿರಗಿತು."

"ಸದ್ದು?"

"ಬರೋಬ್ಬರಿ ಇತ್ತು. ಮೊದ್ಲಿನಂಗ."

"ಕಾಳ್ ಹಾಕಿದ್ದಿ?"

"ಒಂದು ಹಿಡಿ. ಬೀಸಿತು."

"ಹಿಟ್ಟು ಹೆಂಗಿತ್ತು?"

"ಸಣ್ಣಗ."

ಅವಳು ಎರಡು ಬೆರಳನ್ನು ಒಂದಕ್ಕೊಂದು ತಿಕ್ಕಿದಳು, ಆ ಹಿಟ್ಟು ಅಲ್ಲೇ ಇದೆಯೇನೋ ಎಂಬಂತೆ. "ಹಂಗಾರ ನೀರಾಗ ಉಳದಿತ್ತು ಅದು" ಎಂದಳು. ಅವಳ ಮುಖದಲ್ಲಿ ಒಂದು ಗಳಿಗೆ ಸಂತೋಷದಂಥದ್ದು ಕಂಡಿತು. ಅದನ್ನು ನೋಡಿಯೇ ನನಗೆ ಉಳಿದದ್ದನ್ನೂ ಹೇಳುವ ಧೈರ್ಯ ಬಂತು. ಮಹಮೂದ್ ಭಾಯ್ ಅದನ್ನು ನೋಡೇ ಇರಲಿಲ್ಲ, ನಾನು ಚಹಾ ಕುಡಿದು ಬಂದಿದ್ದೆ, ತೋರಿಸಿದ್ದರೆ ಅವನು ಸರಿಮಾಡಿ ಕೊಡುತ್ತಿದ್ದ ಎಂದೆ.

ಆ ಸಂತೋಷ ಹೋಯಿತು. "ಕೂತು ಕೇಳಿದ್ಯಲ್ಲೋ" ಎಂದಳು. "ಇಷ್ಟು ವರ್ಷ ಬಾಜೂಕ ಕೂತು ಕೇಳಿದಿ, ನಾ ಅನ್ನೂದು." ಬಿಂದಿಗೆ ಎತ್ತಿಕೊಂಡು ಹೋದಳು. ನಾನು ಹೊರಲು ಕೈಚಾಚಿದೆ, ಕೊಡಲಿಲ್ಲ.

ಅಂದಿನಿಂದ ನನ್ನ ಜೊತೆ ಮಾತು ನಿಂತಿತು. ನಾನು ಕೈಯಳತೆಯಲ್ಲಿ ಕೂತಿದ್ದರೂ, "ಸುವರ್ಣಾ, ನಿನ್ನ ಗಂಡಂದು ಚಾ ಆರಾಕತ್ತೈತಿ" ಎನ್ನುವಳು. ಪಲ್ಲವಿ, "ಅತ್ತೀ, ಅಪ್ಪಾ ಇಲ್ಲೇ ಕೂತಾನಲ್ಲ" ಎಂದರೆ, "ಹೌದೇನು? ಕಾಣ್ಲಿಲ್ಲ" ಎನ್ನುವಳು. ಪಂಪು ಒಣಗಿ ಚಾಲೂ ಆಯಿತು. ಎಲ್ಲರೂ ನನ್ನನ್ನು ಹೊಗಳಿದರು. ಅವಳು ಆಗಲೂ ತಲೆ ಎತ್ತಲಿಲ್ಲ.

ಮಹಾನವಮಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವಳೇ ಬಾಯಿಬಿಟ್ಟಳು. ರೊಟ್ಟಿ ಬಡಿಯುತ್ತಿದ್ದಳು. "ಎಲ್ಲಾ ಹೇಳಿದಿ. ಹೊಗಿ ಬಂದಿದ್ದು, ಮಸಿ ವರಸಿದ್ದು, ಚಾ ಕುಡದು ಬಂದಿದ್ದು. ತಪ್ಪಾತು ಅನ್ನೂ ಒಂದ್ ಮಾತ್ ಮಾತ್ರ ಬಾಯಿಗೆ ಬರ್ಲಿಲ್ಲ ನಿನಗ."

ನಿಜ. ಅಷ್ಟು ಹೊತ್ತು ಮಾತಾಡಿದವನು ಅದೊಂದನ್ನು ಆಡಿರಲಿಲ್ಲ. ಬಾಯಿ ತೆರೆದೆ. ಅವಳು ಹಿಟ್ಟಿನ ಕೈ ಎತ್ತಿ ತಡೆದಳು. "ಈಗ ಬ್ಯಾಡ. ನಾ ಏನ್ ಅಡಗಿಮನ್ಯಾಗ ಒಬ್ಬಾಕಿನ ಕೂತು ಅಂದೀನೇನು, ಮುಳುಗಿಸಿದಾಕಿ ನಾನು ಅಂತ? ಮಂದಿ ಮುಂದ ಅಂದೀನಿ."

ಖಂಡೇನವಮಿಯ ಬೆಳಗ್ಗೆ ಪಂಪು, ಜನರೇಟರು, ಲಿಫ್ಟು ಎಲ್ಲದಕ್ಕೂ ಪೂಜೆ ಮಾಡಿದೆ.‌ ಪ್ರಸಾದಕ್ಕೆಂದು ಜನ ನಮ್ಮ ಬಾಗಿಲಿಗೆ ಬಂದಿದ್ದರು. ಧಾರವಾಡದ ಮೇಡಂ ಇದ್ದರು, ಮೈಸೂರಿನ ಹುಡುಗನಿದ್ದ, ಸುವರ್ಣಾ ಮಂಡಕ್ಕಿ ಹಂಚುತ್ತಿದ್ದಳು. ಕಟ್ಟೆಯ ಕಡೆ ತಿರುಗಿದಾಗ ಗಿರಣಿಯ ಮೇಲಿನ ಹಳೆ ಸೀರೆ ಇರಲಿಲ್ಲ. ಒರೆಸಿ, ಕುಂಕುಮ ಹಚ್ಚಿ, ಹೂವಿಟ್ಟಿತ್ತು. ಹಿಟ್ಟು ಬೀಳುವ ಜಾಗದಲ್ಲಿ ಅಕ್ಕನ ಹಳೆಯ ಸ್ಟೀಲ್ ಡಬ್ಬಿ, ಉಳ್ಳಾಗಡ್ಡಿ ತೆಗೆದು ತೊಳೆದು ಇಟ್ಟದ್ದು. ಪಕ್ಕದಲ್ಲಿ ಅಕ್ಕ ಮುಷ್ಟಿಯಲ್ಲಿ ಜೋಳ ಹಿಡಿದು ನಿಂತಿದ್ದಳು.

"ಸ್ವಿಚ್ ಹಾಕ್ರಿ ಶರಣಪ್ಪಾ, ಅಕ್ಕಾರ ಕೈ ನೋಯ್ತೈತಿ" ಎಂದರು ಮೇಡಂ.

ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಅಕ್ಕ ಮುಷ್ಟಿ ಬಿಡಿಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಎಷ್ಟೋ ದಿನಗಳ ನಂತರ. ನಾನು ಬೆರಳು ತೆಗೆದು, ಜನರ ಕಡೆ ಒಂದು ಸಲ ನೋಡಿ, ಅವಳ ಕಡೆ ತಿರುಗಿದೆ. ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

"ಅಕ್ಕಾ, ನಿನ್ನ ಗಿರಣಿ ನೀರಾಗ ಉಳದಿತ್ತು. ನೀ ಮುಳುಗಿಸಲಿಲ್ಲ. ಸುಟ್ಟಾಂವ ನಾನು, ಸುಳ್ಳು ಹೇಳಿ ಗುಜರಿಗೆ ಕಳಿಸಿದಾಂವ ನಾನು, ಇಷ್ಟು ವರ್ಷ ನಿನ್ನ ಬಾಜೂಕ ಕೂತು ಸುಮ್ನ ಕೇಳಿದಾಂವ ನಾನು. ತಪ್ಪಾತಕ್ಕಾ."